ಲಾವೋ ಸಂತೆಯಲ್ಲಿ ಚೀನೀ ಎಣಿಕೆ

ಹಾಂಗ್‌ಕಾಂಗ್‌ನ ತರಕಾರಿ ಅಂಗಡಿಯವನು ಮೂರರಿಂದ ಹತ್ತರವರೆಗೆ ಎಣಿಸಿದರೆ ಹೆಚ್ಚುಕಮ್ಮಿ ಹೀಗೆ ಕೇಳಿಸುತ್ತದೆ: ಸಾಮ್, ಸೇಯ್, ಙ್, ಲುಕ್, ಛತ್, ಪಾತ್, ಕವ್, ಸಪ್. ಅವನಾಡುವುದು ಕ್ಯಾಂಟನೀಸ್. ಅತ್ತ ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನ ಸಂತೆಯಲ್ಲಿ ಅದೇ ಎಣಿಕೆ: ಸಾಮ್, ಸೀ, ಹಾ, ಹೊಕ್, ಚೆತ್, ಪ್ಯಾತ್, ಕಾವ್, ಸಿಪ್. ಐದು, ಆರು ಮಾತ್ರ ಸ್ವಲ್ಪ ಪಕ್ಕಕ್ಕೆ ಸರಿದಿವೆ. ಉಳಿದವನ್ನು ನೋಡಿದರೆ ಅಕ್ಕತಂಗಿಯರೇ ಇರಬೇಕು ಅನ್ನಿಸುತ್ತದೆ, ಅಲ್ವಾ?

ಅಂದಹಾಗೆ, ನಮ್ಮ ಅಕ್ಷರಮಾಲೆಯಲ್ಲಿ ಕೆಲಸವಿಲ್ಲದೆ ಕೂತಿರುವ ಆ 'ಙ' ಕ್ಯಾಂಟನೀಸ್‌ನಲ್ಲಿ ಒಂಟಿಯಾಗಿಯೇ ಒಂದು ಪೂರ್ತಿ ಪದ. ಅರ್ಥ, ಐದು.

ಆದರೆ ಇವು ಅಕ್ಕತಂಗಿಯರಲ್ಲ. ಕ್ಯಾಂಟನೀಸ್ ಚೀನೀ ಭಾಷೆಗಳಲ್ಲೊಂದು. ಟಿಬೆಟನ್, ಬರ್ಮೀಸ್ ಅದಕ್ಕೆ ದೂರದ ನೆಂಟರು. ಲಾವೋ ಭಾಷೆಯದು ತಾಯ್-ಕಡಾಯ್ ಎಂಬ ಬೇರೆಯೇ ಮನೆತನ. ಥಾಯ್ ಅದರ ಒಡಹುಟ್ಟು. ಮನೆಯೊಳಗಿನ ಪದಗಳನ್ನು ಕೇಳಿದರೆ ಇದು ಗೊತ್ತಾಗುತ್ತದೆ. ನೀರಿಗೆ ಲಾವೋದಲ್ಲಿ ನಾಮ್, ಕ್ಯಾಂಟನೀಸ್‌ನಲ್ಲಿ ಸೋಯ್. ಮೀನು ಅಲ್ಲಿ ಪಾ, ಇಲ್ಲಿ ಯೂ. ಕಣ್ಣು ಅಲ್ಲಿ ತಾ, ಇಲ್ಲಿ ಙಾನ್. ಕೈಗೆ, ನಾಯಿಗೆ, 'ನಾನು' ಅನ್ನುವುದಕ್ಕೂ ಹೋಲಿಕೆ ಸಿಗುವುದಿಲ್ಲ.

ಒಂದು ಕಾಲದಲ್ಲಿ ಪಂಡಿತರೂ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದರು. 1942ರಲ್ಲಿ ಅಮೆರಿಕದ ಪಾಲ್ ಬೆನೆಡಿಕ್ಟ್ ಇದನ್ನು ಪ್ರಶ್ನಿಸಿದರು. ಲಾವೋ, ಥಾಯ್ ಮುಂತಾದ ತಾಯ್ ಭಾಷೆಗಳ ನೆಂಟರನ್ನು ಚೀನಾದಲ್ಲಲ್ಲ, ದ್ವೀಪಗಳ ಕಡೆ ಹುಡುಕಿ ಎಂದರು. ಕಣ್ಣಿಗೆ ಮಲಯ್ ಭಾಷೆಯಲ್ಲಿ ಮಾತಾ, ಲಾವೋದಲ್ಲಿ ತಾ. ಸಾಯುವುದಕ್ಕೆ ಮಲಯ್‌ನಲ್ಲಿ ಮಾತಿ, ಲಾವೋದಲ್ಲಿ ತಾಯ್. ಈ ನೆಂಟಸ್ತಿಕೆಯ ಬಗ್ಗೆ ಇವತ್ತಿಗೂ ಚರ್ಚೆ ಇದೆ. ಚೀನೀ ಕುಟುಂಬದಿಂದ ತಾಯ್ ಬೇರೆ ಎಂಬುದನ್ನು ಮಾತ್ರ ಈಗ ಬಹುತೇಕ ಎಲ್ಲರೂ ಒಪ್ಪುತ್ತಾರೆ.

ಹಾಗಾದರೆ ಎಣಿಕೆ? ಅದು ಸಾಲ ತಂದದ್ದು. ಅಂಕಿಗಳು ಸಂತೆಯ ಜೊತೆ ಊರೂರು ತಿರುಗುತ್ತವೆ. ನಮ್ಮ 'ಸಾವಿರ' ಕೂಡ ಸಂಸ್ಕೃತದ ಸಹಸ್ರದಿಂದ ಬಂದದ್ದೇ. ಲಾವೋ ಜನರ ಪೂರ್ವಿಕರು ಈಗಿನ ದಕ್ಷಿಣ ಚೀನಾದಲ್ಲಿದ್ದರು. ಅಲ್ಲಿನ ಗ್ವಾಂಗ್‌ಶಿಯಲ್ಲಿ ಅವರ ನೆಂಟರಾದ ಜ್ವಾಂಗ್ ಜನ ಇವತ್ತಿಗೂ ಇದ್ದಾರೆ. ಕ್ರಿ.ಪೂ. 214ರ ಹೊತ್ತಿಗೆ ಚೀನಾದ ಚಿನ್ ಸಾಮ್ರಾಜ್ಯದ ಸೈನ್ಯ ಈ ಸೀಮೆಗೆ ಬಂತು. ಹಿಂದೆಯೇ ವ್ಯಾಪಾರಿಗಳು, ಅಧಿಕಾರಿಗಳು, ತೆರಿಗೆ. ಬಂಗಾರ ಲಾವೋದಲ್ಲಿ ಖಾಮ್, ಕ್ಯಾಂಟನೀಸ್‌ನಲ್ಲಿ ಕಮ್. ಬೆಳ್ಳಿ ಙೆನ್, ಙನ್. ಕುದುರೆ ಎರಡರಲ್ಲೂ ಮಾ. ಅದರ ಬೆನ್ನಿನ ಜೀನು ಆನ್, ಓನ್. ಬೆಳ್ಳಿ, ಬಂಗಾರ, ಕುದುರೆ, ಲೆಕ್ಕ ಎಲ್ಲ ಒಟ್ಟಿಗೆ ಓಡಾಡುವ ಸಾಮಾನುಗಳೇ.

ಇಲ್ಲೊಂದು ಮೋಸ ಹೋಗುವ ಜಾಗ ಇದೆ. ಲಾವೋ ಈ ಪದಗಳನ್ನು ಕ್ಯಾಂಟನೀಸ್‌ನಿಂದಲೇ ತಂದಿರಬೇಕು ಅನ್ನಿಸುತ್ತದೆ. ಯಾಕೆಂದರೆ ಬೀಜಿಂಗ್‌ನ ಮ್ಯಾಂಡರಿನ್‌ನಲ್ಲಿ ಆರು, ಏಳು, ಎಂಟು, ಹತ್ತು ಎಂದರೆ ಲ್ಯೂ, ಛೀ, ಪಾ, ಶಿ. ಕೊನೆಯ ಕ್, ತ್, ಪ್ ಮಾಯ. ನಡೆದದ್ದು ಬೇರೆ. ಹಳೆಯ ಚೀನೀ ನುಡಿಯಲ್ಲಿ ಈ ಕೊನೆಗಳೆಲ್ಲ ಇದ್ದವು. ಸಾಲ ಆದದ್ದು ಆಗ. ಆಮೇಲೆ ಮ್ಯಾಂಡರಿನ್ ಅವನ್ನು ಉದುರಿಸಿಕೊಂಡಿತು. ಕ್ಯಾಂಟನೀಸ್ ಉಳಿಸಿಕೊಂಡಿತು, ಸಾಲ ತಂದ ಲಾವೋ ಕೂಡ ಉಳಿಸಿಕೊಂಡಿತು. ಹಳಗನ್ನಡದ 'ಪಾಲ್' ನಮ್ಮಲ್ಲಿ 'ಹಾಲು' ಆಗಿ, ತಮಿಳಿನಲ್ಲಿ 'ಪಾಲ್' ಆಗಿಯೇ ಉಳಿದಿದೆ ನೋಡಿ, ಹಾಗೆ. ತಾನು ಕೊಟ್ಟದ್ದು ಹೇಗಿತ್ತು ಎಂದು ಮ್ಯಾಂಡರಿನ್‌ಗೇ ಮರೆತುಹೋಗಿದೆ. ಸಾಲಗಾರನ ಮನೆಯಲ್ಲಿ ಅದು ಇನ್ನೂ ಇದೆ.

ಎರಡೂ ಭಾಷೆಗಳಲ್ಲಿ ದನಿಯ ಏರಿಳಿತ ಪದದ ಅರ್ಥವನ್ನೇ ಬದಲಿಸುತ್ತದೆ. ನಮಗೆ ಇದು ಪೂರ್ತಿ ಹೊಸದಲ್ಲ. ಒಪ್ಪಿಗೆಯ 'ಹೂಂ', ಏನಂದ್ರಿ ಅನ್ನುವ 'ಹೂಂ?' ಬೇರೆ ಬೇರೆ ತಾನೆ? ಅವರಲ್ಲಿ ಪ್ರತಿ ಪದಕ್ಕೂ ಹಾಗೆ. ಈ ಏರಿಳಿತವನ್ನು ಇಲ್ಲಿ ಸ್ವರ ಅನ್ನೋಣ, ಅ, ಆ ಎಂಬ ಸ್ವರಗಳಲ್ಲ. ಹಾಂಗ್‌ಕಾಂಗ್‌ನ ಕ್ಯಾಂಟನೀಸ್‌ನಲ್ಲಿ ಅಂಥವು ಆರು. ಲಾವೋದಲ್ಲಿ ಊರಿಂದೂರಿಗೆ ಲೆಕ್ಕ ಬದಲಾಗುತ್ತದೆ. ಲಾವೋದ 'ಮಾ' ಸ್ವರ ತಪ್ಪಿದರೆ ಕುದುರೆ ಹೋಗಿ ನಾಯಿ ಆಗುತ್ತದೆ.

ಸ್ವರಗಳು ಹೆಚ್ಚಾದದ್ದು ಹೇಗೆ? ಒಂದು ಕಾರಣ, ಗ, ದ, ಬ ಮುಂತಾದ ಹಳೆಯ ಘೋಷ ಅಕ್ಷರಗಳು ಸವೆದುಹೋದದ್ದು. ಅವು ಹೋಗುವಾಗ ಪದದ ದನಿಯಲ್ಲಿ ಗುರುತು ಬಿಟ್ಟು ಹೋದವು. ಎರಡೂ ಭಾಷೆಗಳಲ್ಲಿ ಹೀಗೇ ಆಗಿದೆ. ಲಾವೋ ಲಿಪಿಯಲ್ಲಂತೂ ಇದನ್ನು ಕಣ್ಣಾರೆ ನೋಡಬಹುದು. ಅದು ನಮ್ಮ ಲಿಪಿಯ ಹಾಗೆ ಬ್ರಾಹ್ಮಿಯ ಮೊಮ್ಮಗು. ಅಕ್ಷರಮಾಲೆ ಶುರುವಾಗುವುದೇ ಕ, ಖ, ಗ, ಙ ಎಂಬ ಸಾಲಿನಿಂದ. ಓದುವಾಗ ಮಾತ್ರ ಕ, ಖ, ಖ, ಙ! 'ಗ'ದ ಜಾಗದಲ್ಲಿರುವ ಅಕ್ಷರವನ್ನೂ ಈಗ 'ಖ' ಎಂದೇ ಓದುತ್ತಾರೆ. ಆದರೆ ಅದರಿಂದ ಶುರುವಾಗುವ ಪದದ ಸ್ವರ ಬೇರೆ. ನಮ್ಮ 'ಗುರು' ಅಲ್ಲಿ 'ಖೂ' ಆಗಿ ಪಾಠ ಹೇಳುತ್ತಾನೆ. ಬರೆಯುವುದು ಆ ಹಳೆಯ ಗಕಾರದಲ್ಲೇ.

ಸಾಲ ಒಂದೇ ಕಡೆಗೆ ಹರಿದಿಲ್ಲ ಎಂಬ ಅನುಮಾನವೂ ಇದೆ. ಕೆಂಪು ಹೂ ಅನ್ನುವಾಗ ಕ್ಯಾಂಟನೀಸ್ ನಮ್ಮಂತೆ ಬಣ್ಣವನ್ನು ಮೊದಲು ಹೇಳುತ್ತದೆ. ಲಾವೋದಲ್ಲಿ ಹೂ ಮೊದಲು, ಕೆಂಪು ಆಮೇಲೆ. ಆದರೆ ಹುಂಜದ ವಿಷಯ ಬಂದರೆ ಕ್ಯಾಂಟನೀಸ್ ಕೂಡ 'ಕೋಳಿ-ಗಂಡು' ಅನ್ನುತ್ತದೆ. ಮ್ಯಾಂಡರಿನ್‌ನಲ್ಲಿ ಅದು 'ಗಂಡು-ಕೋಳಿ'. 'ನೀನು ಮೊದಲು ಹೋಗು' ಎನ್ನಲು ಮ್ಯಾಂಡರಿನ್ 'ಮೊದಲು'ವನ್ನು ಕ್ರಿಯಾಪದದ ಮುಂದಿಡುತ್ತದೆ. ಕ್ಯಾಂಟನೀಸ್, ಲಾವೋ ಎರಡೂ ಕೊನೆಗೆ ಇಡುತ್ತವೆ. ಚೀನೀ ನುಡಿ ಕಲಿತ ಸ್ಥಳೀಯರು ತಮ್ಮ ಹಳೆಯ ಅಭ್ಯಾಸವನ್ನು ಅದರೊಳಗೆ ಬಿಟ್ಟುಹೋಗಿರಬಹುದು ಎಂದು ಕೆಲವು ತಜ್ಞರು ಹೇಳುತ್ತಾರೆ. ನನಗೆ ಇದು ನಂಬುವಂತಿದೆ. ಒಂದೊಂದೇ ಉದಾಹರಣೆ ತೆಗೆದುಕೊಂಡರೆ ಮಾತ್ರ ಜಗಳ ಮುಗಿಯುವುದಿಲ್ಲ.

ಎಣಿಕೆಗೇ ವಾಪಸ್ ಬಂದರೆ, ಲಾವೋದಲ್ಲಿ ಒಂದಕ್ಕೆ 'ನೆಂಗ್'. ಇದಕ್ಕೂ ಕ್ಯಾಂಟನೀಸ್‌ನ 'ಯತ್'ಗೂ ಸಂಬಂಧವಿಲ್ಲ. ಆದರೆ ಹನ್ನೊಂದಕ್ಕೆ 'ಸಿಪ್-ನೆಂಗ್' ಅನ್ನುವುದಿಲ್ಲ, 'ಸಿಪ್-ಎತ್' ಅನ್ನುತ್ತಾರೆ. ಬಾಲದಲ್ಲಿ ಚೀನೀ ಒಂದು ಅಡಗಿ ಕೂತಿದೆ. ಸೊನ್ನೆ ಮಾತ್ರ ಬೇರೆ ದಾರಿಯಲ್ಲಿ ಬಂದಿದೆ. ಅಲ್ಲಿ ಮೊಬೈಲ್ ನಂಬರುಗಳು 020ಯಿಂದ ಶುರುವಾಗುತ್ತವೆ. ಸಂತೆಯಲ್ಲಿ ಯಾರಾದರೂ ನಂಬರು ಹೇಳತೊಡಗಿದರೆ ಮೊದಲು ಕಿವಿಗೆ ಬೀಳುವುದು 'ಸೂನ್'. ನಮ್ಮ ಶೂನ್ಯ.