ಕುದುರೆ ಕಂಬಳಿ ಕಳಚುವ ಕಾಲ

ಚಳಿಗಾಲದಲ್ಲಿ ಐಸ್‌ಲ್ಯಾಂಡಿನ ಕುದುರೆ ನೋಡಿದರೆ ಕರಡಿ ಮರಿಯ ನೆನಪಾಗುತ್ತದೆ, ಮೈತುಂಬ ಅಷ್ಟು ಕೂದಲು. ಹಿಮ ಬೀಳುವಾಗಲೂ ಬಯಲಲ್ಲೇ ನಿಂತಿರುತ್ತದೆ. ಬೆನ್ನ ಮೇಲೆ ಬಿದ್ದ ಹಿಮ ಬೇಗ ಕರಗುವುದೇ ಇಲ್ಲ. ಕೂದಲ ನಡುವೆ ಸಿಕ್ಕಿಕೊಂಡ ಗಾಳಿ ಮೈಬಿಸಿಯನ್ನು ಹೊರಗೆ ಬಿಡದಿರುವುದೇ ಕಾರಣ.

ಸೆಖೆ ಶುರುವಾದರೆ ಈ ಕೂದಲು ಉದುರುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಆದರೆ ಕುದುರೆ ಮೈ ಮುಖ್ಯವಾಗಿ ಲೆಕ್ಕ ಇಡುವುದು ಹಗಲಿನ ಉದ್ದವನ್ನು. ಡಿಸೆಂಬರ್ 21ರ ಸುಮಾರಿಗೆ ಐಸ್‌ಲ್ಯಾಂಡಿನ ರಾಜಧಾನಿ ರೇಕ್ಯಾವಿಕ್‌ನಲ್ಲಿ ಹಗಲು ಬರೀ 4 ಗಂಟೆ, ಅಲ್ಲಿಂದ ಬೆಳೆಯುತ್ತಾ ಹೋಗುತ್ತದೆ. ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಲ್ಲಿ ಮೆಲಟೋನಿನ್ ಅನ್ನುವ ಹಾರ್ಮೋನು ಬಿಡುತ್ತದೆ. ರಾತ್ರಿ ಚಿಕ್ಕದಾದಂತೆ ಅದೂ ಕಡಿಮೆಯಾಗಿ ಪ್ರೊಲ್ಯಾಕ್ಟಿನ್ ಏರುತ್ತದೆ, ಹಾಲು ಬರಿಸುವ ಅದೇ ಹಾರ್ಮೋನು. ಆಗ ಚರ್ಮದಡಿ ಹೊಸ ಕೂದಲು ಚಿಗುರಿ ಹಳೆಯದು ಸಡಿಲವಾಗುತ್ತದೆ. ಬೇಗ ನುಣುಪು ಮೈ ಬೇಕಾದವರು ಲಾಯದಲ್ಲಿ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುವುದೂ ಇದಕ್ಕೇ. ನಮ್ಮ ಬೆಂಗಳೂರಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಅತಿ ಗಿಡ್ಡ ಹಗಲಿಗೂ ಒಂದೂವರೆ ಗಂಟೆ ವ್ಯತ್ಯಾಸ ಅಷ್ಟೇ, ಚಳಿಯೂ ಅಷ್ಟಕ್ಕಷ್ಟೇ, ಹಾಗಾಗಿ ಇಲ್ಲಿ ಇಂಥ ದಪ್ಪ ಕೂದಲು ಕಾಣುವುದು ಕಡಿಮೆ.

ಹಳೆ ಕೂದಲು ಹೀಗೆ ತಾನಾಗೇ ಸಡಿಲವಾಗುವುದರಿಂದ, ಕುದುರೆಯ ಮೈ ತಿಕ್ಕಿ ಮಾಲೀಸು ಮಾಡುವವರ ಕೈಗೆ ಬರುವುದು ಮೈ ಆಗಲೇ ಬಿಟ್ಟುಕೊಟ್ಟ ಕೂದಲು. ಇದು ತಿಳಿದರೆ ಯಾವ ಸಾಧನ ಹಿಡಿಯಬೇಕು ಅನ್ನುವುದು ಸುಲಭ. ಮೊದಲು ಅಂಗೈಗೆ ಸಿಕ್ಕಿಸಿಕೊಳ್ಳುವ, ಮೊಂಡು ಹಲ್ಲಿನ ರಬ್ಬರ್ ಬಾಚಣಿಗೆ. ಸುತ್ತು ಸುತ್ತಾಗಿ ತಿಕ್ಕಿದರೆ ಒಳಗಿನ ಸಡಿಲ ಕೂದಲು ಧೂಳು, ಹೊಟ್ಟಿನ ಜೊತೆ ಮೇಲೆ ಏಳುತ್ತದೆ. ಆಮೇಲೆ ಶೆಡ್ಡಿಂಗ್ ಬ್ಲೇಡ್. ಬಳೆಯಂತೆ ಬಗ್ಗಿಸಿದ ಲೋಹದ ಪಟ್ಟಿ, ಒಂದು ಅಂಚಿಗೆ ಚಿಕ್ಕ ಚಿಕ್ಕ ಹಲ್ಲು. ಕುತ್ತಿಗೆಯಿಂದ ಹಿಂದಕ್ಕೆ, ಕೂದಲು ಮಲಗಿದ ದಿಕ್ಕಿಗೇ ಎಳೆದರೆ ಸುರುಳಿ ಸುರುಳಿಯಾಗಿ ಕಾಲ ಬುಡಕ್ಕೆ ಬೀಳುತ್ತದೆ. ಮುಖ, ಮೊಣಕಾಲಿನ ಕೆಳಗೆ, ಸೊಂಟದ ಮೂಳೆ ಎದ್ದ ಜಾಗ, ಇಲ್ಲೆಲ್ಲ ಲೋಹ ಬೇಡವೇ ಬೇಡ. ಹರಿತ ಹಲ್ಲಿನ ಕೆಲವು ಸಾಧನಗಳು ಹೊಸ ಕೂದಲನ್ನೂ ಕತ್ತರಿಸಿಬಿಡುತ್ತವೆ. ಜಾಸ್ತಿ ಕೂದಲು ಬಂತು ಅಂತ ಖುಷಿಪಡುವ ಮುಂಚೆ ಒಂದೆರಡು ಎಳೆ ಕೈಗೆತ್ತಿಕೊಂಡು ನೋಡಿ, ತುದಿ ಕತ್ತರಿಸಿದ ಹಾಗಿದೆಯಾ ಅಂತ. ನನ್ನ ಮಟ್ಟಿಗೆ ರಬ್ಬರೇ ಸಾಕು, ತೋಳು ನೋಯುತ್ತದೆ ನಿಜ.

ಕುತ್ತಿಗೆ ಬೆನ್ನು ಸೇರುವ ಉಬ್ಬಿನ ಹತ್ತಿರ ತಿಕ್ಕುವಾಗ ಕುದುರೆಯ ಮುಖ ನೋಡಬೇಕು. ಕಣ್ಣು ಅರೆ ಮುಚ್ಚುತ್ತದೆ, ಮೇಲ್ತುಟಿ ಮುಂದಕ್ಕೆ ಚಾಚಿ ಅಲುಗುತ್ತದೆ. ಕುದುರೆಗಳು ಒಂದಕ್ಕೊಂದು ಹಲ್ಲಲ್ಲಿ ಕೆರೆದುಕೊಳ್ಳುವುದೂ ಅಲ್ಲೇ. ಆ ಜಾಗದಲ್ಲಿ ಕೆರೆದರೆ ಎದೆಬಡಿತ ನಿಧಾನವಾಗುತ್ತದೆ ಅಂತ ಫ್ರಾನ್ಸಿನ ಕಮಾರ್ಗ್ ಕುದುರೆಗಳ ಮೇಲಿನ ಅಧ್ಯಯನವೊಂದು 1993ರಲ್ಲಿ ತೋರಿಸಿತು.

ಎಷ್ಟು ತಿಕ್ಕಿದರೂ ಕೂದಲು ಬರುತ್ತಿಲ್ಲ, ಬೇಸಿಗೆ ಬಂದರೂ ವಯಸ್ಸಾದ ಕುದುರೆಯ ಮೈ ಉದ್ದ ಗುಂಗುರಾಗೇ ಇದೆ ಅಂದರೆ ಬೇರೆ ಬ್ರಶ್ ಹುಡುಕಬೇಡಿ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಕೆಟ್ಟಾಗ ಹೀಗಾಗುತ್ತದೆ. ಪಶುವೈದ್ಯರನ್ನು ಕರೆಸಿ ರಕ್ತ ಪರೀಕ್ಷೆ ಮಾಡಿಸಿ, ಇದಕ್ಕೆ ಪರ್ಗೊಲೈಡ್ ಅನ್ನುವ ಮಾತ್ರೆ ಇದೆ.