ಬಣ್ಣದ ಮಾತು ಕೊನೆಗೆ: ಹಳೆಯ ಕಾರನ್ನು ಹೊಸದಾಗಿಸಬೇಕೇ, ಇದ್ದಂತೆಯೇ ಉಳಿಸಬೇಕೇ?

ಹಳೆಯ ಕಾರನ್ನು ನಮ್ಮ ವರ್ಕ್‌ಶಾಪಿಗೆ ತರುವವರಲ್ಲಿ ಹೆಚ್ಚಿನವರು ಎಂಜಿನ್ನಿನ ಮಾತೆತ್ತುವ ಮೊದಲೇ ಬಣ್ಣದ ಬಗ್ಗೆ ವಿಚಾರಿಸುತ್ತಾರೆ. ಮನೆಯ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ತಂದೆಯ ಫಿಯಟ್ಟೋ ಅಜ್ಜನ ಅಂಬಾಸಿಡರೋ ಮತ್ತೊಮ್ಮೆ ಹೊಳೆಯಬೇಕೆಂಬ ಆಸೆ ಸಹಜವಾದದ್ದೇ. ಮಂಗಳೂರು, ಉಡುಪಿಯ ಕಡೆ ಇಂಥ ಕಾರುಗಳ ವಾರಸುದಾರರು ಅನೇಕರು ಮುಂಬಯಿಯಲ್ಲೋ ಗಲ್ಫಿನಲ್ಲೋ ಇದ್ದು, ರಜೆಗೆ ಊರಿಗೆ ಬಂದ ನಾಲ್ಕು ದಿನದಲ್ಲಿ ತೀರ್ಮಾನಿಸಿ ಹೊರಡಬೇಕಾದವರಾದ್ದರಿಂದ, "ಎಲ್ಲ ತೆಗೆದು ಹೊಸದೇ ಮಾಡಿಬಿಡಿ ಮಾರಾಯ್ರೆ" ಎಂಬ ಮಾತು ಬಹಳ ಬೇಗ ಬಂದುಬಿಡುತ್ತದೆ. ಈ ಕೆಲಸದಲ್ಲಿ ಬಣ್ಣ ಕೊನೆಯ ವಿಷಯ ಎಂಬುದು ನನ್ನ ಅಭಿಪ್ರಾಯ. ಮೊದಲು ನೋಡಬೇಕಾದದ್ದು ತುಕ್ಕು ಎಲ್ಲಿಯವರೆಗೆ ಇಳಿದಿದೆ ಎಂಬುದನ್ನು. ಆಮೇಲೆ, ಕಾರ್ಖಾನೆಯಿಂದ ಬಂದದ್ದು ಆ ಕಾರಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನು. ಇವೆರಡನ್ನು ತಿಳಿಯದೆ ಬಣ್ಣದ ಡಬ್ಬಿ ತೆರೆಯುವುದೆಂದರೆ ರೋಗ ಯಾವುದೆಂದು ನೋಡದೆ ಮದ್ದು ಬರೆದಂತೆ.

ತುಕ್ಕಿಗೆ ನಮ್ಮ ಕರಾವಳಿಯಷ್ಟು ಅನುಕೂಲವಾದ ಜಾಗ ಕಡಿಮೆ. ಸರಾಸರಿ ವರ್ಷದಲ್ಲಿ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆ ನಿಂತ ತಿಂಗಳುಗಳಲ್ಲಿ ಕಡಲ ಕಡೆಯಿಂದ ಬೀಸುವ ಗಾಳಿ ಉಪ್ಪನ್ನು ಹೊತ್ತು ತರುತ್ತದೆ. ತಗಡಿನ ಮೇಲೆ ಕೂತ ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆಯಾದ್ದರಿಂದ, ಒಣಗಿದಂತೆ ಕಾಣುವ ಕಾರಿನೊಳಗೂ ತುಕ್ಕು ಬೆಳೆಯುತ್ತಲೇ ಇರುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುವ ಕಾರಣ, ಎರಡು ತಗಡುಗಳನ್ನು ಸ್ಪಾಟ್ ವೆಲ್ಡಿಂಗ್ ಮಾಡಿ ಸೇರಿಸಿದ ಕಡೆಯಲ್ಲಿ ಅದು ಒಳಗಿಂದಲೇ ಸಂದನ್ನು ಬಿಡಿಸುತ್ತದೆ. ಹೊರಗೆ ಗುಳ್ಳೆಯೆದ್ದ ಬಣ್ಣ ಕಣ್ಣಿಗೆ ಬೀಳುವ ಹೊತ್ತಿಗೆ ಒಳಗಿನ ಕೆಲಸ ಬಹುಪಾಲು ಮುಗಿದಿರುತ್ತದೆ.

ಈ ತುಕ್ಕು ಎಷ್ಟು ಅಪಾಯಕಾರಿ ಎಂಬುದು ಕಾರಿನ ರಚನೆಯನ್ನು ಅವಲಂಬಿಸಿದೆ. ಫಿಯಟ್ 1100, ಅದರ ಮುಂದುವರಿಕೆಯಾದ ಪ್ರೀಮಿಯರ್ ಪದ್ಮಿನಿ, ಮೋರಿಸ್ ಆಕ್ಸ್‌ಫರ್ಡ್‌ನಿಂದ ರೂಪುಗೊಂಡ ಅಂಬಾಸಿಡರ್, ಮೋರಿಸ್ ಮೈನರ್ — ಇವಕ್ಕೆ ಪ್ರತ್ಯೇಕ ಚಾಸಿಸ್, ಎಂದರೆ ಬಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು, ಇಲ್ಲ. ನೆಲದ ತಗಡು, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ಭಾಗ, ಹಿಂದಿನ ಸ್ಪ್ರಿಂಗ್ ಪಟ್ಟಿ ಕೂರುವ ಜಾಗ, ಇವೇ ಇಡೀ ಕಾರಿನ ಭಾರ ಹೊರುತ್ತವೆ. ಸ್ಟ್ಯಾಂಡರ್ಡ್ ಹೆರಾಲ್ಡ್‌ನಲ್ಲಿ ಮತ್ತು ಜೀಪುಗಳಲ್ಲಿ ಚಾಸಿಸ್ ಬೇರೆ, ಅದರ ಮೇಲೆ ಬೋಲ್ಟ್ ಹಾಕಿ ಕೂರಿಸಿದ ಬಾಡಿ ಬೇರೆ. ಹೀಗಾಗಿ ಜೀಪಿನ ಮಡ್‌ಗಾರ್ಡಿನಲ್ಲಿ ತೂತು ಬಿದ್ದರೆ ಅದು ಅಂದದ ಸಮಸ್ಯೆ. ಫಿಯಟ್ಟಿನ ಬಾಗಿಲಡಿಯ ಪೆಟ್ಟಿಗೆಯಲ್ಲಿ ಅಷ್ಟೇ ದೊಡ್ಡ ತೂತು ಬಿದ್ದರೆ ಅದು ಪ್ರಾಣದ ಸಮಸ್ಯೆ.

ಪರೀಕ್ಷೆಗೆ ದುಬಾರಿ ಸಲಕರಣೆ ಬೇಕಿಲ್ಲ. ಕಾಲಡಿಯ ಮ್ಯಾಟುಗಳನ್ನೂ ಡಿಕ್ಕಿಯ ಹಾಸನ್ನೂ ಪೂರ್ತಿ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಗಡನ್ನು ಅಂಗುಲ ಅಂಗುಲವಾಗಿ ತಟ್ಟುತ್ತ ಹೋಗಬೇಕು. ಗಟ್ಟಿ ತಗಡು ಖಣ್ಣೆನ್ನುತ್ತದೆ, ತಿಂದುಹೋದದ್ದು ಮಂಕಾಗಿ ಗೊಣಗುತ್ತದೆ. ಬಾಗಿಲುಗಳ ತಳದಲ್ಲಿ ನೀರು ಹರಿದುಹೋಗಲೆಂದು ಬಿಟ್ಟಿರುವ ಸಣ್ಣ ರಂಧ್ರಗಳು ಕೆಂಪು ಮಣ್ಣಿನಿಂದ ಮುಚ್ಚಿಹೋಗಿದ್ದರೆ ಆ ಬಾಗಿಲಿನ ತಳ ಉಳಿದಿರುವ ಸಾಧ್ಯತೆ ಕಡಿಮೆ. ಚಾಸಿಸ್ ಇಲ್ಲದ ಕಾರಿಗೆ ನಾನು ಇನ್ನೊಂದು ಪರೀಕ್ಷೆಯನ್ನು ತಪ್ಪದೆ ಮಾಡುತ್ತೇನೆ. ಒಂದು ಬದಿಯನ್ನು ಜಾಕ್ ಹಾಕಿ ಎತ್ತಿ, ಆ ಬದಿಯ ಬಾಗಿಲನ್ನು ತೆರೆದು ಮುಚ್ಚಿ ನೋಡುತ್ತೇನೆ. ನೆಲದ ಮೇಲಿದ್ದಾಗ ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಎತ್ತಿದಾಗ ಬಿಗಿಯಾದರೆ, ಬಾಡಿ ತನ್ನ ಭಾರವನ್ನೇ ತಡೆಯಲಾರದೆ ಬಾಗುತ್ತಿದೆ ಎಂದರ್ಥ. ಅಂಥ ಕಾರನ್ನು "ಇದ್ದಂತೆಯೇ ಉಳಿಸುವ" ಪ್ರಶ್ನೆ ಬರುವುದಿಲ್ಲ. ಅಲ್ಲಿ ಕತ್ತರಿಸಿ ಹೊಸ ತಗಡು ಕೂರಿಸಲೇಬೇಕು.

ತುಕ್ಕಿನ ಲೆಕ್ಕ ಸಿಕ್ಕಿದ ಮೇಲೆ ಮೂಲದ್ದು ಎಷ್ಟಿದೆ ಎಂಬ ಹುಡುಕಾಟ. ಉಡುಪಿಯ ವೈದ್ಯರ ಮನೆಯೊಂದರಿಂದ ಬಂದ 1960ರ ದಶಕದ ಫಿಯಟ್ 1100 ಡಿ ಒಂದನ್ನು ಇಲ್ಲಿ ಉದಾಹರಿಸಬಹುದು. ದೂರದಿಂದ ನೋಡಿದರೆ ಅದು ಗುಜರಿಯವನ ಪಾಲಿಗೆ ಹೊರಟಂತಿತ್ತು: ತೆಳು ಹಸಿರು ಬಣ್ಣ ಮಂಕಾಗಿ ಸೀಮೆಸುಣ್ಣದ ಪುಡಿಯಂತೆ ಕೈಗೆ ಹತ್ತುತ್ತಿತ್ತು, ಬಂಪರಿನ ಕ್ರೋಮ್‌ನಲ್ಲಿ ಚುಕ್ಕೆಗಳೆದ್ದಿದ್ದವು, ಹಿಂದಿನ ಸೀಟಿನ ಹೊಲಿಗೆ ಬಿಚ್ಚಿ ಒಳಗಿನ ನಾರು ಕಾಣುತ್ತಿತ್ತು. ಆದರೆ ಬಾಗಿಲಿನ ಒಳಹಲಗೆಯನ್ನು ಬಿಚ್ಚಿದಾಗ ಬಿಸಿಲು ಕಾಣದ ಕಡೆ ಅದೇ ಹಸಿರು ತನ್ನ ಪೂರ್ಣ ಕಾಂತಿಯಲ್ಲಿತ್ತು. ಎಂದರೆ ಕಾರಿಗೆ ಬೇರೆ ಬಣ್ಣ ಎಂದೂ ಬಿದ್ದಿರಲಿಲ್ಲ. ಬಣ್ಣದ ದಪ್ಪ ಅಳೆಯುವ ಮೀಟರು ಬಾನೆಟ್ ಮತ್ತು ಟಾಪಿನ ಮೇಲೆ ನೂರು ಮೈಕ್ರಾನಿನ ಆಸುಪಾಸಿನಲ್ಲಿ ನಿಂತಿತು. ಕಾರ್ಖಾನೆಯ ಬಣ್ಣಕ್ಕೆ ಅದು ಹೊಂದುವ ಅಳತೆ. ಎಡಗಡೆಯ ಹಿಂದಿನ ಮಡ್‌ಗಾರ್ಡಿನ ಮೇಲೆ ಮಾತ್ರ ಅಳತೆ ಅದರ ಹಲವು ಪಟ್ಟು ಹಾರಿತು. ಅಲ್ಲಿ ಎಂದೋ ಗುದ್ದಿ, ಪುಟ್ಟಿ ತುಂಬಿದ್ದರು. ಮೀಟರು ಇಲ್ಲದವರು ತೆಳು ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತವನ್ನು ಬಳಸಬಹುದು. ಪುಟ್ಟಿ ಇರುವಲ್ಲಿ ಅದು ಹಿಡಿದುಕೊಳ್ಳುವುದಿಲ್ಲ.

ಆ ಕಾರಿನ ನೆಲ ಗಟ್ಟಿಯಿತ್ತು. ಮುಂಗಾಜಿನ ಮೂಲೆಯಲ್ಲಿ ವೈದ್ಯರ ಕೆಂಪು ಗುರುತಿನ ಚೀಟಿ ಅರ್ಧ ಮಾಸಿ ಅಂಟಿಕೊಂಡಿತ್ತು. ಸ್ಟೀರಿಂಗ್ ಕಂಬದ ಗೇರಿನ ಗುಂಡಿ ವರ್ಷಾನುಗಟ್ಟಲೆ ಒಂದೇ ಕೈ ಹಿಡಿದ ಕಡೆ ನುಣುಪಾಗಿ ಸವೆದಿತ್ತು. ಮಗನಿಗೆ ಬೇಕಾಗಿದ್ದದ್ದು ಕೆಂಪು ಮತ್ತು ಬಿಳಿಯ ಎರಡು ಬಣ್ಣದ ಕಾರು. ಅವರೊಂದಿಗೆ ಕೂತು ಮಾತಾಡಿ, ಕೊನೆಗೆ ನಾವು ಒಪ್ಪಿಕೊಂಡದ್ದು ಇಷ್ಟು: ಮಡ್‌ಗಾರ್ಡಿನ ಪುಟ್ಟಿಯನ್ನು ಕೆರೆದು ತೆಗೆದು ತಗಡನ್ನು ತಟ್ಟಿ ಸರಿಪಡಿಸಿ, ಅದಕ್ಕೆ ಮಾತ್ರ ಹಳೆಯ ಹಸಿರಿಗೆ ಹೊಂದುವ ಬಣ್ಣ ಹೊಡೆಯುವುದು, ಉಳಿದ ಮೈಗೆ ಕೈಯಿಂದ ನವಿರಾಗಿ ಪಾಲಿಶ್, ಸೀಟನ್ನು ಹಳೆಯ ರೆಕ್ಸಿನ್ ಉಳಿಸಿಯೇ ಹೊಲಿಸುವುದು. ಪೂರ್ಣ ಪುನರುಜ್ಜೀವನಕ್ಕೆ ತಗಲುತ್ತಿದ್ದ ಹಣದ ಸಣ್ಣ ಪಾಲಿನಲ್ಲಿ ಕೆಲಸ ಮುಗಿಯಿತು. ಹೊಸ ಹಸಿರು ಹಳೆಯದಕ್ಕಿಂತ ತುಸು ಕಡುವಾಗಿಯೇ ಕಾಣುತ್ತದೆ. ಅದನ್ನು ಮರೆಮಾಚಲೆಂದು ಪಕ್ಕದ ಬಾಗಿಲಿಗೂ ಬಣ್ಣ ಎಳೆಯಲು ನಾನು ಒಪ್ಪಲಿಲ್ಲ.

ಹೊಳಪೇ ಶ್ರೇಷ್ಠವೆಂಬ ನಂಬಿಕೆ ಹೊರದೇಶಗಳಲ್ಲೂ ಬಹುಕಾಲ ಇತ್ತು. ಹಳೆಯ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಫಿವಾ, 1966ರಲ್ಲಿ ಹುಟ್ಟಿದ್ದು, ತನ್ನ ಟುರಿನ್ ಸನ್ನದಿನಲ್ಲಿ ಸಂರಕ್ಷಣೆಗೆ ಮೊದಲ ಸ್ಥಾನ ಕೊಟ್ಟು, ಕಾರು ತನ್ನ ಆಯುಷ್ಯದಲ್ಲಿ ಕಂಡ ಬದಲಾವಣೆಗಳೂ ಅದರ ಇತಿಹಾಸದ ಭಾಗವೆಂದು ಪರಿಗಣಿಸುತ್ತದೆ. ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್ ಸ್ಪರ್ಧೆಯಲ್ಲಿ 2024ರಲ್ಲಿ ಮೊದಲ ಬಾರಿಗೆ, ಹೊಸದಾಗಿಸದೆ ಇದ್ದ ಸ್ಥಿತಿಯಲ್ಲೇ ಉಳಿಸಿಕೊಂಡು ಬಂದ ಕಾರೊಂದು, 1934ರ ಬುಗಾಟಿ ಟೈಪ್ 59, ಅತ್ಯುನ್ನತ ಬಹುಮಾನ ಪಡೆಯಿತು. ನಮ್ಮಲ್ಲಿ ಹಳೆಯ ಕಾರುಗಳ ಪ್ರದರ್ಶನ ನಡೆದಾಗ ಜನ ಇನ್ನೂ ಕನ್ನಡಿಯಂತೆ ಹೊಳೆಯುವ ಕಾರಿನ ಮುಂದೆಯೇ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ನಿಜ. ಆದರೆ ಕೊಳ್ಳಲು ಬರುವ ತಿಳಿದವರು ಬಾನೆಟ್ ಎತ್ತಿ ಮೊದಲು ಹುಡುಕುವುದು ಹಳೆಯ ಬಣ್ಣ ಉಳಿದಿರುವ ಮೂಲೆಯನ್ನೇ.

ಹಾಗೆಂದು ಸಂರಕ್ಷಣೆಯೇ ಎಲ್ಲ ಕಾರಿಗೂ ಸರಿಯೆಂದು ನಾನು ಹೇಳುವುದಿಲ್ಲ. ಕುಂದಾಪುರದ ಕಡೆಯಿಂದ ಬಂದ ಅಂಬಾಸಿಡರ್ ಮಾರ್ಕ್ 2 ಒಂದಕ್ಕೆ ಬಣ್ಣ ಎಷ್ಟು ಬಾರಿ ಬಿದ್ದಿತ್ತೆಂದರೆ, ಕೆರೆದ ಕಡೆ ಪದರಗಳು ಮರದ ಉಂಗುರಗಳಂತೆ ಕಾಣುತ್ತಿದ್ದವು. ನೆಲದ ತಗಡಿನ ಮೇಲೆ ತಗಡು ಬೆಸೆದು, ಅದರ ಮೇಲೆ ಟಾರು ಬಳಿದಿದ್ದರು. ಸೀಟು, ಡ್ಯಾಶ್‌ಬೋರ್ಡ್, ಗ್ರಿಲ್ ಎಲ್ಲವೂ ಆಮೇಲಿನ ಮಾದರಿಗಳದ್ದು. ಅಂಥಲ್ಲಿ ಉಳಿಸಿಕೊಳ್ಳಲು ಮೂಲವೆಂಬುದೇ ಇಲ್ಲ. ಬಾಡಿಯನ್ನು ಪೂರ್ತಿ ಕೆರೆದು, ಸತ್ತ ತಗಡನ್ನೆಲ್ಲ ಕತ್ತರಿಸಿ, ಸರಿಯಾಗಿ ಪುನಃ ಕಟ್ಟುವುದೇ ಆ ಕಾರಿಗೆ ಮಾಡಬಹುದಾದ ನ್ಯಾಯವಾಗಿತ್ತು. ಅಲ್ಲಿದ್ದ ತೊಡಕು ಎಂಜಿನ್ನಿನದು: ಟ್ಯಾಕ್ಸಿಯಾಗಿ ಓಡುತ್ತಿದ್ದ ಕಾಲದಲ್ಲಿ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಕೂರಿಸಿದ್ದರು, ಆರ್‌ಸಿಯಲ್ಲೂ ಅದು ದಾಖಲಾಗಿತ್ತು. ಕರಾವಳಿಯ ಟ್ಯಾಕ್ಸಿ ಸ್ಟ್ಯಾಂಡುಗಳ ಇತಿಹಾಸವೆಂದರೆ ಡೀಸೆಲ್ ಅಂಬಾಸಿಡರುಗಳ ಇತಿಹಾಸವೂ ಹೌದು. ಕುಟುಂಬ ಅದರಿಂದಲೇ ಬದುಕು ಕಟ್ಟಿಕೊಂಡಿದ್ದರೆ ಆ ಎಂಜಿನ್ನನ್ನು ಕಿತ್ತೆಸೆಯಲು ನನಗೆ ಮನಸ್ಸಾಗುವುದಿಲ್ಲ.

ಬಿಡಿಭಾಗಗಳ ಲಭ್ಯತೆಯೂ ತೀರ್ಮಾನವನ್ನು ತಿರುಗಿಸುತ್ತದೆ. ಪದ್ಮಿನಿ 2000ದ ಸುಮಾರಿನವರೆಗೆ, ಅಂಬಾಸಿಡರ್ 2014ರವರೆಗೆ ತಯಾರಾದ್ದರಿಂದ ಸಾಮಾನು ಸಿಗುತ್ತದೆ, ಅಪಾಯವಿರುವುದೂ ಅಲ್ಲೇ. 1965ರ ಕಾರಿಗೆ 1990ರ ಗ್ರಿಲ್, ಹಿಡಿಕೆ, ಮೀಟರುಗಳು ಸಲೀಸಾಗಿ ಕೂರುತ್ತವೆ, ಮತ್ತು ಒಮ್ಮೆ ಕೂತ ಮೇಲೆ ಆ ಕಾರು ಯಾವ ಕಾಲದ್ದೆಂದೇ ಹೇಳಲಾಗದು. ಹೆರಾಲ್ಡ್‌ನಂಥ ಕಾರಿಗೆ ಇಲ್ಲಿ ಏನೂ ಸುಲಭವಾಗಿ ಸಿಗುವುದಿಲ್ಲ. ಅದರ ಪ್ರತಿಯೊಂದು ಸವೆದ ಭಾಗವನ್ನೂ ಸಾಧ್ಯವಾದಷ್ಟು ದುರಸ್ತಿ ಮಾಡಿಯೇ ಬಳಸಬೇಕು.

ಉಳಿಸಿಕೊಳ್ಳುವುದೆಂದರೆ ಮುಟ್ಟದೆ ಬಿಡುವುದಲ್ಲ ಎಂಬುದನ್ನು ಒತ್ತಿ ಹೇಳಬೇಕು. ರಸ್ತೆಗಿಳಿಯುವ ಕಾರಿನಲ್ಲಿ ಬ್ರೇಕಿನ ರಬ್ಬರ್ ಹೋಸುಗಳು, ವೀಲ್ ಸಿಲಿಂಡರಿನ ವಾಷರುಗಳು, ಟೈರುಗಳು, ಇನ್ಸುಲೇಷನ್ ಪುಡಿಯಾದ ವಯರುಗಳು ಎಷ್ಟೇ "ಒರಿಜಿನಲ್" ಆಗಿದ್ದರೂ ಬದಲಾಗಲೇಬೇಕು. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರನ್ನು ಮೆತ್ತಗಾಗಿಸುತ್ತದೆ. ಜೊತೆಗೆ ಗಾಳಿಯ ತೇವವನ್ನು ಹೀರುವುದರಿಂದ, ತಿಂಗಳುಗಟ್ಟಲೆ ನಿಂತ ಟ್ಯಾಂಕಿನ ತಳದಲ್ಲಿ ನೀರು ಬೇರ್ಪಟ್ಟು ಕೂರುತ್ತದೆ. ಪೆಟ್ರೋಲ್ ಪೈಪುಗಳನ್ನು ಎಥನಾಲ್ ತಡೆಯುವ ಜಾತಿಯವಕ್ಕೆ ಬದಲಾಯಿಸಿ, ಕಾರ್ಬುರೇಟರಿನ ಸೂಜಿಯನ್ನೂ ಗ್ಯಾಸ್ಕೆಟ್ಟುಗಳನ್ನೂ ಪರೀಕ್ಷಿಸಬೇಕು. ಪೆಟ್ಟಿಗೆಯಾಕಾರದ ಭಾಗಗಳ ಒಳಗೆ, ಚೆನ್ನಾಗಿ ಒಣಗಿಸಿದ ಮೇಲೆ, ಮೇಣದಂಥ ತುಕ್ಕುನಿರೋಧಕವನ್ನು ಉದ್ದ ನಳಿಗೆಯಿಂದ ಸಿಂಪಡಿಸಬೇಕು. ಮಳೆಗಾಲದಲ್ಲಿ ಕಾರಿಗೆ ಪ್ಲಾಸ್ಟಿಕ್ ಹೊದಿಕೆ ಬಿಗಿದು ಕಟ್ಟುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಒಳಗಿನ ತೇವ ಹೊರಹೋಗಲು ದಾರಿಯಿಲ್ಲದೆ, ಹೊರಗೆ ನಿಂತ ಕಾರಿಗಿಂತ ಬೇಗ ಅದು ಹಾಳಾಗುತ್ತದೆ. ಗಾಳಿಯಾಡುವ ಶೆಡ್, ಮಣ್ಣಿನ ಬದಲು ಸಿಮೆಂಟ್ ನೆಲ, ಮೇಲೊಂದು ಹತ್ತಿಯ ಬಟ್ಟೆ ಸಾಕು; ಶೆಡ್ ತೆಂಗಿನ ಮರದಡಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು.

ಪೂರ್ತಿ ಬಣ್ಣ ಹೊಡೆಯುವುದೆಂದು ತೀರ್ಮಾನವಾದರೆ ಜೋರು ಮಳೆಯ ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಾತ್ರ ಬೇಡ. ಹಳೆಯ ಕಾಲದ ಎನ್‌ಸಿ (ನೈಟ್ರೊಸೆಲ್ಯುಲೋಸ್) ಬಣ್ಣದ ಥಿನ್ನರ್ ಆರುವಾಗ ತಗಡಿನ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಕೂತು, ಬಣ್ಣದಲ್ಲಿ ಬಿಳಿಯ ಮಸುಕು ಏಳುತ್ತದೆ. ಈಗಿನ ಎರಡು ಘಟಕಗಳ ಪಾಲಿಯುರಿಥೇನ್ ಬಣ್ಣ ಬಾಳಿಕೆಯಲ್ಲಿ ಉತ್ತಮ, ಆದರೆ ಅದರ ಗಾಜಿನಂಥ ಹೊಳಪು 60 ವರ್ಷದ ಕಾರಿನ ಮೇಲೆ ನನ್ನ ಕಣ್ಣಿಗೆ ಒಗ್ಗುವುದಿಲ್ಲ. ಹೊಳಪು ತಗ್ಗಿಸಿ ಹೊಡೆಸಿ ಎನ್ನುತ್ತೇನೆ. ಹಳೆಯ ಬಣ್ಣವನ್ನು ಒಣಗಿದ್ದಾಗ ಉಜ್ಜಬಾರದು, ಅದರಲ್ಲಿ ಸೀಸವಿರಬಹುದು. ಹಳೆಯ ಬ್ರೇಕ್ ಶೂಗಳ ಧೂಳಿನಲ್ಲಿ ಕಲ್ನಾರು ಇರುವುದರಿಂದ ಅದನ್ನು ಗಾಳಿ ಹೊಡೆದು ಹಾರಿಸುವುದೂ ಸಲ್ಲದು.

ಕಾಗದಪತ್ರದ ವಿಷಯ. ಆರ್‌ಸಿಯಲ್ಲಿ ಬರೆದಿರುವ ಬಣ್ಣ ಬದಲಾದರೆ ಅದನ್ನು ಆರ್‌ಟಿಒ ಕಚೇರಿಯಲ್ಲಿ ದಾಖಲಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ತಯಾರಕರ ವಿವರಗಳಿಗೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. 2021ರಲ್ಲಿ ಕೇಂದ್ರ ಸರ್ಕಾರ ತಂದ ವಿಂಟೇಜ್ ವಾಹನಗಳ ನಿಯಮದ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಮೂಲರೂಪದಲ್ಲಿರುವ, ಚಾಸಿಸ್, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಾಗದ ವಾಹನ ಮಾತ್ರ ಆ ವರ್ಗಕ್ಕೆ ಸೇರುತ್ತದೆ. ಈಗಾಗಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ. ಮೇಲೆ ಹೇಳಿದ ಡೀಸೆಲ್ ಅಂಬಾಸಿಡರಿನ ಮನೆಯವರಿಗೆ ಈ ನಿಯಮವನ್ನು ಮೊದಲೇ ತಿಳಿಸಿ, ಸಾಮಾನ್ಯ ನೋಂದಣಿಯ ನವೀಕರಣದಲ್ಲೇ ಮುಂದುವರಿಯುವಂತೆ ಸಲಹೆ ಕೊಟ್ಟೆವು. ತಗಡು ಕತ್ತರಿಸುವಾಗ ಚಾಸಿಸ್ ನಂಬರ್ ಒತ್ತಿರುವ ಭಾಗಕ್ಕೆ ಗ್ರೈಂಡರ್ ತಾಗದಂತೆ ನೋಡಿಕೊಳ್ಳಬೇಕು. ಅದು ಅಳಿಸಿಹೋದ ಕಾರಿನ ನವೀಕರಣ ದೊಡ್ಡ ತಲೆನೋವು.

ಕೆಲಸ ಶುರುವಾಗುವ ಮುನ್ನ ಕಾರಿನ ಪ್ರತಿ ಮೂಲೆಯ ಫೋಟೊ ತೆಗೆದಿಡಿ. ವಯರುಗಳು ಯಾವ ಕ್ಲಿಪ್ಪಿನಿಂದ ಎಲ್ಲಿ ಹಾದುಹೋಗುತ್ತವೆ ಎಂಬುದೂ ಅದರಲ್ಲಿರಲಿ. ಬಿಚ್ಚಿ ತೆಗೆದ ಹಳೆಯ ಭಾಗಗಳನ್ನು, ಮುರಿದದ್ದಾದರೂ ಸರಿ, ವರ್ಕ್‌ಶಾಪಿನವರಿಂದ ಕೇಳಿ ಪಡೆದು, ಯಾವ ಭಾಗ, ಯಾವಾಗ, ಏಕೆ ತೆಗೆದದ್ದು ಎಂದು ಚೀಟಿ ಬರೆದು ಕಟ್ಟಿ, ಎಣ್ಣೆ ಸವರಿ ಪೆಟ್ಟಿಗೆಯಲ್ಲಿಡಿ. ಮುಂದೆ ಆ ಕಾರು ಯಾರ ಕೈಗೆ ಹೋದರೂ ಪೆಟ್ಟಿಗೆಯನ್ನು ಆರ್‌ಸಿಯ ಜೊತೆಗೇ ಒಪ್ಪಿಸಿ.