ಕೆನ್ನೆ ಊದಿದ್ದೆಲ್ಲ ಕೆಪ್ಪಟೆಯಲ್ಲ

ಪುಣೆಯ ಹಡಪ್ಸರದಲ್ಲಿ ನಮ್ಮ ಮೇಲಿನ ಮನೆಯವರು ವಿಜಯಪುರದ ಇಂಡಿ ಕಡೆಯವರು. ಅವರ ಹುಡುಗನಿಗೆ ಐದು ವರ್ಷ. ದೀಪಾವಳಿ ಮುಗಿದ ವಾರ ಒಂದು ಬೆಳಿಗ್ಗೆ ಎದ್ದಾಗ ಅವನ ಎಡಗೆನ್ನೆ ಊದಿತ್ತು. ಊರಿನಲ್ಲಿರುವ ಅಜ್ಜಿ ವಿಡಿಯೊ ಕಾಲ್‌ನಲ್ಲಿ ನೋಡಿದವಳೇ "ಕೆಪ್ಪಟೆ ಆಗೇದ, ಕೆಮ್ಮಣ್ಣು ಹಚ್ರಿ" ಅಂದಳು. ಪಕ್ಕದ ಮನೆಯ ಮರಾಠಿ ಅಜ್ಜಿ ಗಾಲಗುಂಡ ಅಂದರು. ಡಾಕ್ಟರು ಮಮ್ಸ್ ಅಂದರು. ಮೂರು ಭಾಷೆ, ಒಂದೇ ತೀರ್ಪು: ಮಂಗನ ಬಾವು. ನಾಲ್ಕೈದು ದಿನಕ್ಕೆ ಬಾವು ಇಳಿಯಿತು.

ಜನವರಿಯಲ್ಲಿ ಮತ್ತೆ ಬಂತು. ಅದೇ ಕೆನ್ನೆ. ಮತ್ತೆ ಮಮ್ಸ್ ಅಂದರು, ಜೊತೆಗೆ ಆಂಟಿಬಯಾಟಿಕ್ ಸಿರಪ್. ಏಪ್ರಿಲ್‌ನಲ್ಲಿ ಮೂರನೇ ಸಲ. ಆಗ ಅವನ ಅಮ್ಮ ನಮ್ಮನೆ ಬಾಗಿಲಲ್ಲಿ ನಿಂತು ಕೇಳಿದಳು: "ಅಲ್ರೀ, ಕೆಪ್ಪಟೆ ಒಮ್ಮೆ ಬಂದ್ರ ಮುಗೀತು ಅಂತಾರಲ್ಲ?"

ಪ್ರಶ್ನೆ ಸರಿಯಾಗೇ ಇತ್ತು. ಮಂಗನ ಬಾವು, ಅಂದರೆ ನಮ್ಮ ಕಡೆಯ ಕೆಪ್ಪಟೆ, ಸಾಮಾನ್ಯವಾಗಿ ಜೀವನದಲ್ಲಿ ಒಂದೇ ಸಲ ಬರುತ್ತದೆ. ಎರಡನೇ ಸಲ ಬರುವುದು ಅಪರೂಪ, ಮೂರು ಸಲ ಬಂತು ಅಂದರೆ ನಂಬುವುದು ಕಷ್ಟ. ಆದರೂ ಮಗುವಿನ ಕೆನ್ನೆ ಊದಿದ ಕೂಡಲೇ ನಮ್ಮ ಬಾಯಿಗೆ ಆ ಒಂದೇ ಹೆಸರು ಬರುತ್ತದೆ. ಇದು ಯಾಕೆ ಹೀಗಾಯಿತು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಿವಿಯ ಪಕ್ಕ ಏಳುವ ಈ ಬಾವನ್ನು ಎರಡು ಸಾವಿರದ ನಾನೂರು ವರ್ಷಗಳ ಹಿಂದೆಯೇ ಗ್ರೀಸಿನ ಹಿಪಾಕ್ರಟಿಸ್ ಹೆಸರಿನ ಗ್ರಂಥಗಳು ಬರೆದಿಟ್ಟಿವೆ. ಥಾಸೋಸ್ ಅನ್ನುವ ದ್ವೀಪದಲ್ಲಿ ಹುಡುಗರಿಗೆ, ಹರೆಯದವರಿಗೆ ಕಿವಿಯ ಹತ್ತಿರ ಊತ ಬಂತು. ಕೆಲವರಿಗೆ ಒಂದು ಕಡೆ, ಕೆಲವರಿಗೆ ಎರಡೂ ಕಡೆ. ಹೆಚ್ಚಿನವರು ಹಾಸಿಗೆ ಹಿಡಿಯಲಿಲ್ಲ, ಊತ ಕೀವಾಗದೆ ತಾನಾಗಿ ಹೋಯಿತು. ಕುಸ್ತಿ ಆಡುವವರಲ್ಲಿ, ಗರಡಿಗೆ ಹೋಗುವವರಲ್ಲಿ ಜಾಸ್ತಿ. ಕೆಲವರಿಗೆ ಆಮೇಲೆ ವೃಷಣ ಊದಿ ನೋವಾಯಿತು. ಇವತ್ತಿನ ಡಾಕ್ಟರ ನೋಟ್ಸ್ ಓದಿದ ಹಾಗಿದೆ. ಆದರೆ ಊದುವುದು ಯಾವುದು, ಅದರ ಕೆಲಸ ಏನು ಅನ್ನುವುದು ಆಗ ಗೊತ್ತಿರಲಿಲ್ಲ.

ಅದು ಬಯಲಾಗಿದ್ದು ಒಂದು ಕುರಿಯ ತಲೆಯಿಂದ. 1660ರಲ್ಲಿ ಆಮ್‌ಸ್ಟರ್ಡ್ಯಾಮ್‌ನಲ್ಲಿ ನೀಲ್ಸ್ ಸ್ಟೆನ್ಸೆನ್ ಅನ್ನುವ 22 ವರ್ಷದ ಡೆನ್ಮಾರ್ಕಿನ ವಿದ್ಯಾರ್ಥಿ ಕುರಿಯ ತಲೆ ಕೊಯ್ದು ನೋಡುತ್ತಿದ್ದ. ಒಂದು ನಾಳ ಸಿಕ್ಕಿತು. ಒಳಗೆ ಸಣ್ಣ ಸಲಾಕೆ ತೂರಿಸಿದ. ಅದು ಜಾರುತ್ತ ಹೋಗಿ ಹಲ್ಲಿಗೆ ತಗಲಿ ಟಿಣ್ ಅಂದಿತು! ಕಿವಿಯ ಮುಂದಿನ ಗ್ರಂಥಿಯಿಂದ ಬಾಯಿಗೆ ಜೊಲ್ಲು ತರುವ ಕೊಳವೆ ಅದು. ಇವತ್ತಿಗೂ ಅದಕ್ಕೆ ಅವನದೇ ಹೆಸರು. ಅವನ ಗುರು "ಇದನ್ನು ಕಂಡುಹಿಡಿದಿದ್ದು ನಾನು" ಅಂತ ಜಗಳ ತೆಗೆದ, ಅದು ಬೇರೆ ಕಥೆ.

ಆ ಕೊಳವೆಯ ಬಾಯಿ ನೀವೂ ನೋಡಬಹುದು. ಮಗುವಿನ ಕೆನ್ನೆಯನ್ನು ಒಳಗಿನಿಂದ ಸ್ವಲ್ಪ ಎಳೆದು ಟಾರ್ಚ್ ಬಿಡಿ. ಮೇಲಿನ ದವಡೆ ಹಲ್ಲಿನ ಎದುರಿಗೆ ಸಾಸಿವೆಯಷ್ಟು ಚಿಕ್ಕ ಉಬ್ಬು ಕಾಣುತ್ತದೆ. ಅಲ್ಲಿಂದಲೇ ಜೊಲ್ಲು ಬರುವುದು. ಕಿವಿಯ ಮುಂದೆ ಒಂದು ಜೋಡಿ, ದವಡೆಯ ಕೆಳಗೆ ಒಂದು ಜೋಡಿ, ನಾಲಿಗೆಯ ಅಡಿಗೆ ಒಂದು ಜೋಡಿ, ಹೀಗೆ ದೊಡ್ಡ ಗ್ರಂಥಿಗಳು ಆರು. ತುಟಿ, ಕೆನ್ನೆ, ಅಂಗುಳದ ತುಂಬ ಸಣ್ಣವು ನೂರಾರು.

ಕೆಪ್ಪಟೆಗೆ ಕಾರಣ ವೈರಸ್ ಅಂತ ಸಾಬೀತಾಗಿದ್ದು 1934ರಲ್ಲಿ. ಅಮೆರಿಕದ ಜಾನ್ಸನ್ ಮತ್ತು ಗುಡ್‌ಪಾಶ್ಚರ್ ರೋಗಿಗಳ ಜೊಲ್ಲನ್ನು, ಬ್ಯಾಕ್ಟೀರಿಯಾ ದಾಟದ ಹಾಗೆ ಸೋಸಿ, ಮಂಗಗಳ ಅದೇ ಕೊಳವೆಯೊಳಗೆ ಹಾಕಿದರು. ಮಂಗಗಳ ಕೆನ್ನೆ ಊದಿತು. ಕೆನ್ನೆಯಲ್ಲಿ ಕಡಲೆ ತುಂಬಿಕೊಂಡ ಮಂಗನ ಮುಖ ನೋಡಿ ನಮ್ಮವರು ಇಟ್ಟ ಹೆಸರು ಲ್ಯಾಬಿನಲ್ಲಿ ಅಕ್ಷರಶಃ ನಿಜವಾಯಿತು. ಅಂದಹಾಗೆ ಮಲೆನಾಡಿನ ಮಂಗನ ಕಾಯಿಲೆಗೂ ಮಂಗನ ಬಾವಿಗೂ ಏನೂ ನಂಟಿಲ್ಲ. ಶಿವಮೊಗ್ಗ ಸೀಮೆಯ ಆ ಜ್ವರದ ವೈರಸ್ 1957ರಲ್ಲಿ ಗೊತ್ತಾಗಿದ್ದು ಪುಣೆಯ ವೈರಸ್ ಸಂಶೋಧನಾ ಕೇಂದ್ರದವರಿಂದ. ಈಗ ಅದರ ಹೆಸರು ರಾಷ್ಟ್ರೀಯ ವೈರಾಣು ಸಂಸ್ಥೆ.

ಲಸಿಕೆಯ ಕಥೆ ಶುರುವಾಗಿದ್ದು ಒಬ್ಬ ಅಪ್ಪನ ಮನೆಯಲ್ಲಿ. 1963ರಲ್ಲಿ ಒಂದು ರಾತ್ರಿ ಮಾರಿಸ್ ಹಿಲ್‌ಮನ್ ಅನ್ನುವ ವಿಜ್ಞಾನಿಯ ಐದು ವರ್ಷದ ಮಗಳು ಜೆರಿಲ್ ಲಿನ್ ಗಂಟಲು ನೋವು ಅಂತ ಎದ್ದು ಬಂದಳು. ದವಡೆ ಊದಿತ್ತು. ಹಿಲ್‌ಮನ್ ಅವಳನ್ನು ಮಲಗಿಸಿ, ಲ್ಯಾಬಿಗೆ ಹೋಗಿ ಸಾಮಾನು ತಂದು, ಅವಳ ಗಂಟಲಿನಿಂದ ಹತ್ತಿಯಲ್ಲಿ ಮಾದರಿ ತೆಗೆದರು. ಆ ವೈರಸ್ಸನ್ನು ಕೋಳಿ ಮೊಟ್ಟೆಯಲ್ಲಿ, ಕೋಳಿ ಮರಿಯ ಕೋಶಗಳಲ್ಲಿ ಬೆಳೆಸಿ ಬೆಳೆಸಿ ಅದರ ಶಕ್ತಿ ಕುಂದಿಸಿದರು. 1967ರಲ್ಲಿ ಲಸಿಕೆಗೆ ಅಮೆರಿಕದಲ್ಲಿ ಪರವಾನಗಿ ಸಿಕ್ಕಿತು. ಮೊದಲ ಪ್ರಯೋಗಗಳಲ್ಲಿ ಚುಚ್ಚಿಸಿಕೊಂಡವರಲ್ಲಿ ಅವರ ಚಿಕ್ಕ ಮಗಳೂ ಇದ್ದಳು. 1971ರಲ್ಲಿ ದಡಾರ (ಮೀಸಲ್ಸ್), ರುಬೆಲ್ಲಾ ಲಸಿಕೆಗಳ ಜೊತೆ ಸೇರಿ ಇದು ಎಂಎಂಆರ್ ಆಯಿತು.

ಈಗ ನಮ್ಮ ಹಡಪ್ಸರಕ್ಕೆ ಬರೋಣ. ನಮ್ಮ ಮನೆಯಿಂದ ರಿಕ್ಷಾದಲ್ಲಿ ಹೋಗುವಷ್ಟು ದೂರದಲ್ಲಿ ಸೀರಮ್ ಇನ್‌ಸ್ಟಿಟ್ಯೂಟ್ ಇದೆ. ರೇಸ್ ಕುದುರೆ ಸಾಕುತ್ತಿದ್ದ ಪೂನಾವಾಲಾ ಮನೆತನ 1966ರಲ್ಲಿ ಕಟ್ಟಿದ್ದು. ಅಲ್ಲಿ ಎಂಎಂಆರ್ ತಯಾರಾಗುತ್ತದೆ. ಅದರಲ್ಲಿರುವ ಕೆಪ್ಪಟೆ ವೈರಸ್ ಸೋವಿಯತ್ ಲೆನಿನ್‌ಗ್ರಾಡಿನಲ್ಲಿ ಹುಟ್ಟಿ ಕ್ರೊಯೇಷಿಯಾದ ಝಾಗ್ರೆಬ್‌ನಲ್ಲಿ ಪಳಗಿದ ತಳಿ. ಇಲ್ಲಿಂದ ಅದು ಎಷ್ಟೋ ದೇಶಗಳಿಗೆ ಹೋಗುತ್ತದೆ. ಆದರೆ ಅದೇ ಹಡಪ್ಸರದಲ್ಲಿ ಗಾರೆ ಕೆಲಸ ಮಾಡುವ ಕಲಬುರಗಿ, ಯಾದಗಿರಿಯವರ ಮಗುವಿಗೆ ಸರ್ಕಾರಿ ದವಾಖಾನೆಯಲ್ಲಿ ಸಿಗುವುದು ಎಂಆರ್. ಒಂದು ಎಂ ಕಡಿಮೆ. ಆ ಬಿಟ್ಟುಹೋದ ಎಂ ಅಂದರೆ ಮಮ್ಸ್.

ಇದು ಅಕಸ್ಮಾತ್ ಆಗಿದ್ದಲ್ಲ. 1985ರಲ್ಲಿ ದೇಶದ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮ ಶುರುವಾದಾಗ ಈ ಮೂರರಲ್ಲಿ ದಡಾರದ ಲಸಿಕೆ ಮಾತ್ರ ಅದರಲ್ಲಿ ಇತ್ತು. ದಡಾರ ಮಕ್ಕಳನ್ನು ಕೊಲ್ಲುತ್ತಿತ್ತು. ರುಬೆಲ್ಲಾ ಬಸುರಿಯ ಹೊಟ್ಟೆಯಲ್ಲಿರುವ ಕೂಸಿನ ಕಣ್ಣು, ಕಿವಿ, ಹೃದಯ ಕೆಡಿಸುತ್ತದೆ. ಹಾಗಾಗಿ ಅದೂ ಸೇರಿತು. 2017ರ ಫೆಬ್ರುವರಿಯಲ್ಲಿ ಮೊದಲ ಹಂತದ ಎಂಆರ್ ಅಭಿಯಾನ ಕರ್ನಾಟಕ, ಗೋವಾ, ತಮಿಳುನಾಡು ಮೊದಲಾದ ಕಡೆ ನಡೆಯಿತು. ಮಹಾರಾಷ್ಟ್ರದ ಸರದಿ ಬಂದಿದ್ದು 2018ರ ನವೆಂಬರ್‌ನಲ್ಲಿ. ಕೆಪ್ಪಟೆ ಮಾತ್ರ "ಅದೇನು, ತಾನಾಗೇ ಹೋಗುತ್ತೆ" ಅನ್ನುವ ಸಾಲಿನಲ್ಲೇ ಉಳಿಯಿತು. ಮಕ್ಕಳ ಡಾಕ್ಟರುಗಳ ಸಂಘ ಐಎಪಿ 9 ತಿಂಗಳಿಗೆ, 15 ತಿಂಗಳಿಗೆ, ಮತ್ತೆ 4ರಿಂದ 6 ವರ್ಷದೊಳಗೆ ಎಂಎಂಆರ್ ಹಾಕಿಸಿ ಅನ್ನುತ್ತದೆ. ದುಡ್ಡು ಕೊಟ್ಟು ಖಾಸಗಿಯಲ್ಲಿ ಹಾಕಿಸಿದವರಿಗೆ ಉಂಟು, ಇಲ್ಲದವರಿಗೆ ಇಲ್ಲ. 2024ರ ಆರಂಭದಲ್ಲಿ ಕೇರಳ, ಮಹಾರಾಷ್ಟ್ರಗಳಲ್ಲಿ ಕೆಪ್ಪಟೆ ಮತ್ತೆ ಜೋರಾಗಿ ಕಾಣಿಸಿಕೊಂಡಾಗ ಈ ಮಾತು ಮೇಲೆ ಬಂತು, ಮತ್ತೆ ತಣ್ಣಗಾಯಿತು.

ತಾನಾಗೇ ಹೋಗುತ್ತದೆ ಅನ್ನುವುದು ಬಹುಪಾಲು ನಿಜ. ಐದು ದಿನ ಮಗುವನ್ನು ಶಾಲೆಗೆ ಕಳಿಸದೆ, ನೀರು, ಗಂಜಿ ಕೊಟ್ಟು, ನೋವಿಗೆ ಪ್ಯಾರಾಸಿಟಮಾಲ್ ಕೊಟ್ಟರೆ ಸಾಕು. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು. ಆಂಟಿಬಯಾಟಿಕ್‌ಗೆ ಇಲ್ಲಿ ಕೆಲಸವೇ ಇಲ್ಲ. ಆದರೆ ಕೆಲವರಲ್ಲಿ ವೈರಸ್ ಮಿದುಳಿನ ಪೊರೆಗೆ, ಮೇದೋಜೀರಕಕ್ಕೆ ಇಳಿಯುತ್ತದೆ. ಹರೆಯಕ್ಕೆ ಬಂದ ಹುಡುಗರಲ್ಲಿ ವೃಷಣ ಊದುತ್ತದೆ, ಬಂಜೆತನ ಮಾತ್ರ ತೀರಾ ಅಪರೂಪ. ನಮ್ಮ ಕಡೆ ಕಿವಿ ಕೇಳದವನಿಗೆ ಕೆಪ್ಪ ಅಂತಾರೆ. ಚಿಕ್ಕವನಿದ್ದಾಗ ಕೆಪ್ಪಟೆ ಬಂದರೆ ಕೆಪ್ಪ ಆಗ್ತಾರೆ ಅಂತ ಹೆದರಿದ್ದೆ. ದೊಡ್ಡವನಾದ ಮೇಲೆ ಓದಿದರೆ, ತೀರಾ ವಿರಳವಾಗಿ ಒಂದು ಕಿವಿ ಶಾಶ್ವತವಾಗಿ ಹೋಗುವುದು ನಿಜವೇ! ಒಂದೇ ಕಿವಿ ಆದ್ದರಿಂದ ಮನೆಯವರಿಗೆ ಎಷ್ಟೋ ದಿನ ಗೊತ್ತಾಗುವುದಿಲ್ಲ.

ಹೀಗೆ ಒಂದು ಕಡೆ ಕೆಪ್ಪಟೆಯನ್ನು ಸಣ್ಣದು ಅಂತ ಬಿಟ್ಟೆವು. ಇನ್ನೊಂದು ಕಡೆ ಕೆನ್ನೆಯ ಬಾವಿಗೆಲ್ಲ ಅದರದೇ ಹೆಸರು ಹಚ್ಚಿದೆವು. ಹೆಸರು ಸಿಕ್ಕಿತಲ್ಲ, ಮುಂದೆ ಯಾರೂ ನೋಡುವುದಿಲ್ಲ. ಮೇಲಿನ ಮನೆ ಹುಡುಗನಿಗೆ ಆಗಿದ್ದೂ ಇದೇ.

ಮೂರನೇ ಸಲ ಅವರು ಹೋಗಿದ್ದು ಕಿವಿ ಮೂಗು ಗಂಟಲಿನ ಡಾಕ್ಟರ ಹತ್ತಿರ. ಜೊತೆಗೆ ನಾನೂ ಇದ್ದೆ. ಆ ಡಾಕ್ಟರಮ್ಮ ಮೊದಲು ಕೇಳಿದ್ದು, "ಪ್ರತಿ ಸಲ ಯಾವ ಕಡೆ?" ಆಮೇಲೆ ಹುಡುಗನ ಹಿಂದೆ ನಿಂತು ಎರಡೂ ಕಿವಿಯ ಹಾಲೆ ನೋಡಿದರು. ಎಡಗಡೆಯದು ಸ್ವಲ್ಪ ಮೇಲಕ್ಕೆ ಎದ್ದಿತ್ತು. ದವಡೆಯ ಮೂಲೆ ಬೆರಳಿಗೆ ಸಿಗುತ್ತಿರಲಿಲ್ಲ, ಬಾವಿನಲ್ಲಿ ಮುಚ್ಚಿಹೋಗಿತ್ತು. ಊದಿದ್ದು ಕುತ್ತಿಗೆಯ ಗಂಟಲ್ಲ, ಜೊಲ್ಲಿನ ಗ್ರಂಥಿ ಅನ್ನುವುದಕ್ಕೆ ಇದೇ ಗುರುತಂತೆ. ಆಮೇಲೆ ಟಾರ್ಚ್ ಬಿಟ್ಟು, ಕಿವಿಯ ಮುಂದಿನಿಂದ ಕೆನ್ನೆಯ ಕಡೆಗೆ ಮೆಲ್ಲಗೆ ಒತ್ತಿದರು. ಸಾಸಿವೆಯಷ್ಟಿದ್ದ ಆ ಬಾಯಿಂದ ಜೊಲ್ಲು ಬಂತು, ಅದರಲ್ಲಿ ಬಿಳಿ ಚೂರುಗಳು ಮಜ್ಜಿಗೆಯಲ್ಲಿ ಉಳಿದ ಬೆಣ್ಣೆಯ ಹಾಗೆ ತೇಲುತ್ತಿದ್ದವು. ಹುಡುಗ "ಹುಳಿ ಅಲ್ಲ, ಉಪ್ಪು" ಅಂದ.

ಅಲ್ಟ್ರಾಸೌಂಡ್ ಮಾಡಿದರು. ಗ್ರಂಥಿಯ ತುಂಬ ಸಣ್ಣ ಸಣ್ಣ ಕಪ್ಪು ಚುಕ್ಕೆ. ಇದು ಮಕ್ಕಳಲ್ಲಿ ಮರುಕಳಿಸುವ ಪೆರೋಟಿಡ್ ಬಾವು. ಪೆರೋಟಿಡ್ ಅಂದರೆ ಕಿವಿಯ ಮುಂದಿನ ಆ ಜೊಲ್ಲಿನ ಗ್ರಂಥಿ. ಸಾಮಾನ್ಯವಾಗಿ 3ರಿಂದ 6 ವರ್ಷದೊಳಗೆ ಶುರುವಾಗುತ್ತದೆ, ಹುಡುಗರಲ್ಲಿ ಜಾಸ್ತಿ, ವರ್ಷಕ್ಕೆ ಕೆಲವು ಸಲ ಬಂದು ಹೋಗುತ್ತದೆ. ಲಸಿಕೆಯಿಂದ ಕೆಪ್ಪಟೆ ಕಡಿಮೆಯಾದ ದೇಶಗಳಲ್ಲಿ ಮಕ್ಕಳ ಜೊಲ್ಲಿನ ಗ್ರಂಥಿ ಊದುವುದಕ್ಕೆ ಇದೇ ದೊಡ್ಡ ಕಾರಣ. ಇದು ಅಂಟುರೋಗವಲ್ಲ. ಅಂದರೆ ಈ ಹುಡುಗನನ್ನು ಎರಡು ಸಲ ಶಾಲೆ ಬಿಡಿಸಿ ಕೂರಿಸಿದ್ದು ಸುಮ್ನೆ. ಹೆಚ್ಚಿನ ಮಕ್ಕಳಿಗೆ ಹರೆಯ ಬರುವ ಹೊತ್ತಿಗೆ ತಾನಾಗಿ ನಿಲ್ಲುತ್ತದೆ.

ಮಾಡುವುದೂ ಸಣ್ಣ ಕೆಲಸಗಳೇ. ಜಾಸ್ತಿ ನೀರು. ಬಿಸಿ ಬಟ್ಟೆಯ ಶಾಖ. ಕಿವಿಯಿಂದ ಬಾಯಿಯ ಕಡೆಗೆ ಬೆರಳಿನಿಂದ ನೀವುವುದು. ಜೊಲ್ಲು ಹರಿಯಲಿ ಅಂತ ಹುಳಿ. ಅವನ ಅಜ್ಜಿ ಊರಿಂದ ಹುಣಸೆ ಚಿಗಳಿ ಕಳಿಸಿದಳು, ಕಡ್ಡಿಗೆ ಸುತ್ತಿದ್ದು. ಬಾವು ಇದ್ದಾಗ ಹುಳಿ ತಾಗಿದರೆ ಮೊದಲು ಚುಳ್ ಅನ್ನುತ್ತದೆ, ಹುಡುಗ ಅತ್ತುಬಿಟ್ಟ. ಬಾವು ಇಳಿದ ಮೇಲೆ ಅದೇ ಚಿಗಳಿಗೆ ಜಗಳ ತೆಗೆದ. ಪದೇ ಪದೇ ಕಾಡಿದರೆ ಕೂದಲೆಳೆಯಂಥ ಕ್ಯಾಮೆರಾವನ್ನು ಸ್ಟೆನ್ಸೆನ್ನನ ಅದೇ ಕೊಳವೆಯೊಳಗೆ ಬಿಟ್ಟು ತೊಳೆಯುವ ವಿಧಾನವಿದೆ. 1990ರ ದಶಕದಿಂದ ಬಳಕೆಗೆ ಬಂದಿದ್ದು. ಆಂಟಿಬಯಾಟಿಕ್ ಬೇಕಾಗುವುದು ಜೋರು ಜ್ವರ, ಚರ್ಮ ಕೆಂಪಾಗುವುದು, ಕೊಳವೆಯಿಂದ ಕೀವು ಬರುವುದು ಇದ್ದಾಗ. ಹಸುಗೂಸಿನ ಕೆನ್ನೆ ಹಾಗೆ ಊದಿದರೆ ಒಂದು ರಾತ್ರಿಯೂ ಕಾಯಬಾರದು. ಎರಡೂ ಕಡೆ ಮತ್ತೆ ಮತ್ತೆ ಊದಿ, ಬಾಯಿ ಕಣ್ಣು ಒಣಗಿದರೆ ಶೋಗ್ರೆನ್ ಅನ್ನುವ ರೋಗವೇ ಅಂತ ರಕ್ತ ಪರೀಕ್ಷೆ ಮಾಡುತ್ತಾರೆ.

ಬೇರೆಯವನ್ನು ಬೇಗ ಹೇಳಿಬಿಡುತ್ತೇನೆ. ತುಟಿ ಕಚ್ಚುವ ಮಕ್ಕಳ ಕೆಳದುಟಿಯೊಳಗೆ ನೀರುಗುಳ್ಳೆ ಏಳುತ್ತದೆ, ಅದು ಒಡೆದ ಸಣ್ಣ ಗ್ರಂಥಿಯ ಜೊಲ್ಲು. ನಾಲಿಗೆಯ ಅಡಿಗೆ ನೀಲಿಯಾಗಿ ಉಬ್ಬಿದರೆ ಅದನ್ನು ರಾನುಲಾ ಅಂತಾರೆ, ಲ್ಯಾಟಿನ್‌ನಲ್ಲಿ ಮರಿಗಪ್ಪೆ. ಊಟಕ್ಕೆ ಕೂತಾಗಲೆಲ್ಲ ದವಡೆಯ ಕೆಳಗೆ ಊದಿ, ಆಮೇಲೆ ಇಳಿದರೆ ಜೊಲ್ಲಿನ ಕೊಳವೆಯಲ್ಲಿ ಕಲ್ಲು ಕೂತಿರಬಹುದು. ಹುಟ್ಟಿದ ಕೆಲವು ವಾರಕ್ಕೆ ಕೆನ್ನೆಯಲ್ಲಿ ಬೆಳೆಯುವ ಮೆತ್ತನೆಯ ಗಂಟು ಬಹಳ ಸಲ ರಕ್ತನಾಳದ ಗಂಟು. 2008ರಲ್ಲಿ ಫ್ರಾನ್ಸಿನ ಬೋರ್ಡೋದ ಡಾಕ್ಟರು ಹೃದಯದ ಮಾತ್ರೆ ಪ್ರೊಪ್ರನೊಲಾಲ್‌ನಿಂದ ಇಂಥ ಗಂಟು ಕರಗುವುದನ್ನು ಆಕಸ್ಮಿಕವಾಗಿ ಕಂಡ ಮೇಲೆ ಚಿಕಿತ್ಸೆಯೇ ಬದಲಾಯಿತು. ನೋವಿಲ್ಲದ, ಗಟ್ಟಿಯಾದ, ವಾರಗಟ್ಟಲೆ ಇಳಿಯದ ಗಂಟಿಗೆ ಮಾತ್ರ ಭಯ ಪಡಬೇಕು. ಮುಖದ ನರ ಕಿವಿಯ ಮುಂದಿನ ಗ್ರಂಥಿಯ ನಡುವೆಯೇ ಹಾದು ಹೋಗುತ್ತದೆ. ಹಾಗಾಗಿ ನಗುವಾಗ ಮಗುವಿನ ಬಾಯಿ ಒಂದು ಕಡೆ ವಾಲಿದರೆ ಅದೇ ದಿನ ತೋರಿಸಬೇಕು.

ಡಾಕ್ಟರಮ್ಮ ಕೊನೆಗೆ ಹೇಳಿದ್ದು ಔಷಧಿಯಲ್ಲ, ತಾರೀಖು ಬರೆದಿಡಿ ಅಂತ. ಈಗ ಮೇಲಿನ ಮನೆಯ ಅಡುಗೆಮನೆ ಕ್ಯಾಲೆಂಡರ್‌ನಲ್ಲಿ ಸಿಲಿಂಡರ್ ಬಂದ ದಿನ, ಹಾಲಿನ ಲೆಕ್ಕದ ನಡುವೆ ಅಲ್ಲಲ್ಲಿ ಒಂದು ಅಕ್ಷರ ಇದೆ. ಎಡಗೆನ್ನೆಗೆ ಎ, ಬಲಗೆನ್ನೆಗೆ ಬ. ಜುಲೈನಲ್ಲಿ ಒಂದು ಎ ಬಂತು, ಅಮ್ಮ ಎರಡು ದಿನ ನೀವಿದಳು, ಹುಡುಗ ಶಾಲೆಗೂ ಹೋದ. ಅಜ್ಜಿ ಮಾತ್ರ ಫೋನಿನಲ್ಲಿ ಇನ್ನೂ ಕೇಳುತ್ತಾಳೆ, "ಕೆಪ್ಪಟಿ ಮತ್ತ ಬಂತೇನs?"